ನೀಲಾಂಕರೈನಿಂದ ಬೆಸೆಂಟ್ ನಗರಕ್ಕೆ: ಒಂದು ರಾತ್ರಿಶಾಲೆಯ ಕಥೆ

ಚೆನ್ನೈಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಇಲ್ಲಿಯ ಕಡಲು ನನಗೆ ನಮ್ಮದು ಅನ್ನಿಸಿರಲಿಲ್ಲ. ಹೊನ್ನಾವರದ ಕಡೆಯವರಿಗೆ ಸೂರ್ಯ ಸಮುದ್ರದಲ್ಲಿ ಮುಳುಗಬೇಕು. ಇಲ್ಲಿ ಅವನು ಸಮುದ್ರದಿಂದ ಏಳುತ್ತಾನೆ, ಸಂಜೆಗೆ ಅಪಾರ್ಟ್‌ಮೆಂಟುಗಳ ಹಿಂದೆ ಎಲ್ಲೋ ಕಳೆದುಹೋಗುತ್ತಾನೆ. ವಾರಕ್ಕೊಮ್ಮೆ ಬೆಸೆಂಟ್ ನಗರದ ಬೀಚಿಗೆ ಹೋಗಿ ಸುಂಡಲ್ ತಿಂದು ಬರುವುದು, ಊರಿನಿಂದ ಯಾರಾದರೂ ಬಂದರೆ ಮಹಾಬಲಿಪುರಂ ತೋರಿಸುವುದು. ಬಂಗಾಳ ಕೊಲ್ಲಿಗೂ ನನಗೂ ಇದ್ದ ಸಂಬಂಧ ಅಷ್ಟೇ.

2013ರ ಫೆಬ್ರವರಿಯಲ್ಲಿ ಹನ್ನೊಂದನೇ ತರಗತಿಯಲ್ಲಿದ್ದ ಮಗಳು ಒಂದು ಶನಿವಾರ ಬಂದು, "ಅಪ್ಪಾ, ಇವತ್ತು ರಾತ್ರಿ ಹನ್ನೊಂದಕ್ಕೆ ನನ್ನನ್ನು ನೀಲಾಂಕರೈಗೆ ಬಿಡಬೇಕು. ಬೆಳಗಿನ ಜಾವ ಬೆಸೆಂಟ್ ನಗರದಿಂದ ಕರ್ಕೊಂಡು ಬರಬೇಕು" ಅಂದಳು. ನಡುವೆ ಏನು ಮಾಡ್ತೀಯ ಅಂದರೆ, "ನಡೀತೀನಿ. ಆಮೆ ಮೊಟ್ಟೆ ಹುಡುಕ್ತಾ." ಒಳಗಿನಿಂದ ಅವಳ ಅಮ್ಮ, "ಅಪ್ಪನೂ ಜೊತೆಗೆ ನಡೆಯೋದಾದರೆ ಹೋಗು, ಇಲ್ಲದಿದ್ದರೆ ಬೇಡ" ಅಂದಳು. ಹಾಗೆ ನಾನು ಐವತ್ತರ ಹತ್ತಿರದ ವಯಸ್ಸಿನಲ್ಲಿ ಒಂದು ಶಾಲೆಗೆ ಸೇರಿದೆ. ಅದರ ಚರಿತ್ರೆಯನ್ನು ಆಮೇಲೆ ಅಲ್ಲಿ ಇಲ್ಲಿ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಊರಲ್ಲಿರುವ ನಮ್ಮ ಕನ್ನಡದವರಲ್ಲಿ ಅನೇಕರಿಗೆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಇಂಥದೊಂದು ನಡೆಯುತ್ತದೆಂದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಕಥೆ ಶುರುವಾಗುವುದು ಹಾವಿನಿಂದ.

1943ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ರೋಮುಲಸ್ ವಿಟೇಕರ್ ಚಿಕ್ಕ ಹುಡುಗನಾಗಿದ್ದಾಗಲೇ ಭಾರತಕ್ಕೆ ಬಂದವರು. ಅವರ ತಾಯಿ ಮರುಮದುವೆಯಾದದ್ದು ರಾಮ ಚಟ್ಟೋಪಾಧ್ಯಾಯ ಅವರನ್ನು, ಅಂದರೆ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಮಗನನ್ನು. ಖಾದಿ, ಕೈಮಗ್ಗ, ನಾಟಕ ಎಂದು ದೇಶವೆಲ್ಲ ಸುತ್ತಿದ ಕಮಲಾದೇವಿಯವರ ಮನೆತನದಲ್ಲಿ ಒಬ್ಬ ಬಿಳಿಯ ಹುಡುಗ ಹಾವು ಹಿಡಿದುಕೊಂಡು ಬೆಳೆದ ಎನ್ನುವುದು ನನಗೆ ಈಗಲೂ ನಗು ತರಿಸುತ್ತದೆ. ಕೊಡೈಕೆನಾಲಿನಲ್ಲಿ ಓದಿ, ಅಮೆರಿಕದ ಮಯಾಮಿಯಲ್ಲಿ ಹಾವಿನ ವಿಷ ತೆಗೆಯುವವರ ಹತ್ತಿರ ಕೆಲಸ ಕಲಿತು ಮರಳಿ ಬಂದ ವಿಟೇಕರ್, ಮದ್ರಾಸಿನ ಹೊರವಲಯದಲ್ಲಿ ಸಣ್ಣದಾಗಿ ಹಾವುಗಳನ್ನು ಸಾಕಿ ಜನರಿಗೆ ತೋರಿಸತೊಡಗಿದರು. 1972ರಲ್ಲಿ ಅದು ಗಿಂಡಿಗೆ ಬಂತು. ಅದೇ ಮದ್ರಾಸ್ ಸ್ನೇಕ್ ಪಾರ್ಕ್.

ಗಿಂಡಿ ಎಂದರೆ ಅಕ್ಕಪಕ್ಕದಲ್ಲೇ ಐಐಟಿ, ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ ಹತ್ತಾರು ಕಾಲೇಜು. ತರಗತಿಯಲ್ಲಿ ಕಪ್ಪೆ ಕೊಯ್ದು ಬೇಸರಗೊಂಡಿದ್ದ ಹುಡುಗ ಹುಡುಗಿಯರು ರಜೆಯಲ್ಲಿ, ರಜೆಯಿಲ್ಲದಿದ್ದರೆ ಕ್ಲಾಸಿಗೆ ಚಕ್ಕರ್ ಹೊಡೆದು, ಸ್ನೇಕ್ ಪಾರ್ಕಿಗೆ ಬರತೊಡಗಿದರು. ಸಂಬಳವಿಲ್ಲ, ಸರ್ಟಿಫಿಕೇಟಿಲ್ಲ. ಬೋನು ತೊಳೆಯಬೇಕು, ಇಲಿ ಹಿಡಿಯಬೇಕು, ನೋಡಲು ಬಂದವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಪಾಠ ಹೇಳಿದವರಲ್ಲಿ ದೊಡ್ಡವರು ಇರುಳರು. ತಲೆಮಾರುಗಳಿಂದ ಹಾವು ಹಿಡಿದು ಅದರ ಚರ್ಮ ಮಾರಿ ಬದುಕುತ್ತಿದ್ದ ಬುಡಕಟ್ಟು ಅದು. ಬಿಲದ ಬಾಯಲ್ಲಿ ಬಿದ್ದ ಒಂದು ಗೀರು ನೋಡಿ ಒಳಗಿರುವುದು ಇಲಿಯೋ ನಾಗರವೋ ಎಂದು ಹೇಳಬಲ್ಲವರು. 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಾಗ ಅವರ ಹೊಟ್ಟೆಗೆ ಹೊಡೆತ ಬಿತ್ತು. 1978ರಲ್ಲಿ ಅವರದೇ ಸಹಕಾರ ಸಂಘವೊಂದು ಹುಟ್ಟಿ, ಹಾವನ್ನು ಕೊಲ್ಲದೆ ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಕೆಲಸ ಆರಂಭವಾಯಿತು. ಹಾವು ಕಚ್ಚಿದವರಿಗೆ ಕೊಡುವ ಔಷಧಿ ತಯಾರಾಗುವುದು ಆ ವಿಷದಿಂದಲೇ. ವಿದ್ಯೆ ಯಾರ ಬಳಿ ಇದೆಯೋ ಅವರನ್ನೇ ಮೇಷ್ಟ್ರು ಮಾಡಿಕೊಂಡದ್ದು ಈ ಗುಂಪಿನ ಬುದ್ಧಿವಂತಿಕೆ ಎಂದು ನನ್ನ ಅಭಿಪ್ರಾಯ. ನಮ್ಮ ವಿಶ್ವವಿದ್ಯಾಲಯಗಳಿಗೆ ಇದು ಇನ್ನೂ ಸಾಧ್ಯವಾಗಿಲ್ಲ.

ಹಾವಿನವರು ಆಮೆಗೆ ಬಂದದ್ದು ಹೇಗೆ? ಮದ್ರಾಸಿನ ದಕ್ಷಿಣದ ಮರಳಿನಲ್ಲಿ ಪ್ರತಿ ಚಳಿಗಾಲ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ, ಆ ಮೊಟ್ಟೆ ಪೇಟೆಗೆ ಹೋಗುತ್ತದೆ ಎಂಬ ಸುದ್ದಿ ಮೀನುಗಾರರ ಕುಪ್ಪಗಳಿಂದ ಬರುತ್ತಿತ್ತು. 1970ರ ದಶಕದ ಮೊದಲರ್ಧದಲ್ಲಿ ಸ್ನೇಕ್ ಪಾರ್ಕಿನ ತರುಣರು ರಾತ್ರಿ ನಡೆದೇ ನೋಡಿಬಿಡೋಣ ಎಂದು ಹೊರಟರು. ಆಗ ಈಸ್ಟ್ ಕೋಸ್ಟ್ ರೋಡಿನ ಥಳುಕಿರಲಿಲ್ಲ. ಗಾಳಿಮರದ ತೋಪು, ಕುಪ್ಪ, ಮತ್ತೆ ತೋಪು. ಮರಳಿನಲ್ಲಿ ನರಿಗಳೂ ಓಡಾಡುತ್ತಿದ್ದ ಕಾಲ. ಗೂಡು ಸಿಕ್ಕರೆ ಒಬ್ಬ ಮನುಷ್ಯ, ನರಿ ಅಥವಾ ನಾಯಿ ಅದನ್ನು ಮೊದಲು ಕಂಡಿರುತ್ತಿತ್ತು. ಹಾಗಾಗಿ ತಾವೇ ಮೊದಲು ಕಾಣಬೇಕು, ಮೊಟ್ಟೆ ತೆಗೆದು ಕಾವಲಿರುವ ಜಾಗದಲ್ಲಿ ಹೂಳಬೇಕು ಎಂದು ಹ್ಯಾಚರಿ ಮಾಡಿದರು. ಹ್ಯಾಚರಿ ಎಂದರೆ ದೊಡ್ಡದೇನೂ ಇಲ್ಲ, ಮರಳಿಗೆ ಒಂದು ಬೇಲಿ.

ದೇಶದ ಉಳಿದೆಡೆ ಆಗ ಏನಾಗುತ್ತಿತ್ತು ಎಂಬುದನ್ನು ಹೇಳದಿದ್ದರೆ ಈ ಬೇಲಿಯ ಬೆಲೆ ತಿಳಿಯುವುದಿಲ್ಲ. ತೂತುಕುಡಿಯಲ್ಲಿ ಹಸಿರು ಕಡಲಾಮೆಯನ್ನು ಬೀದಿಯಲ್ಲೇ ಕೊಯ್ದು, ಅದರ ಬಿಸಿ ರಕ್ತವನ್ನು ಔಷಧಿಯೆಂದು ಲೋಟದಲ್ಲಿ ಕುಡಿಯುತ್ತಿದ್ದರು. ಒಡಿಶಾದ ಗಹಿರಮಥಾದಲ್ಲಿ ಒಂದೇ ಸಲಕ್ಕೆ ಲಕ್ಷಗಟ್ಟಲೆ ಆಲಿವ್ ರಿಡ್ಲಿಗಳು ಮೊಟ್ಟೆಯಿಡುವ ದಡ ಹೊರಗಿನ ವಿಜ್ಞಾನಿಗಳಿಗೆ ತಿಳಿದದ್ದೇ 1974ರಲ್ಲಿ. ಅಷ್ಟರವರೆಗೆ ಅಲ್ಲಿ ಮೊಟ್ಟೆ ತೆಗೆಯಲು ಸರಕಾರವೇ ಪರವಾನಗಿ ಕೊಡುತ್ತಿತ್ತು. ಬದುಕಿರುವ ಆಮೆಗಳನ್ನು ಅಂಗಾತ ಮಲಗಿಸಿ, ಸಾವಿರಗಟ್ಟಲೆ, ರೈಲಿನಲ್ಲಿ ಕಲ್ಕತ್ತೆಗೆ ಕಳಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಕಡಲಾಮೆಗಳು ಸೇರಿದ ಮೇಲೂ ಇದು ಬಹಳ ಕಾಲ ನಿಲ್ಲಲಿಲ್ಲ. ಹುಲಿಗೆ ಸಿಗುವ ಪ್ರತಿಷ್ಠೆ ಆಮೆಗೆ ಎಲ್ಲಿಂದ ಬರಬೇಕು.

ಈ ಹೊತ್ತಿನಲ್ಲಿ ಸ್ನೇಕ್ ಪಾರ್ಕಿನಿಂದ ಹೊರಬಿದ್ದ ಇಬ್ಬರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಒಬ್ಬರು ಸತೀಶ್ ಭಾಸ್ಕರ್. ಐಐಟಿ ಮದ್ರಾಸಿನಲ್ಲಿ ಇಂಜಿನಿಯರಿಂಗ್ ಓದಲು ಬಂದು, ತರಗತಿಗಿಂತ ಹೆಚ್ಚು ಹೊತ್ತು ಸಮುದ್ರದಲ್ಲಿ ಈಜುತ್ತಿದ್ದರಂತೆ. 1977ರ ಸುಮಾರಿಗೆ ಆರಂಭಿಸಿ ಮುಂದಿನ ವರ್ಷಗಳಲ್ಲಿ ಲಕ್ಷದ್ವೀಪ, ಅಂಡಮಾನ್, ನಿಕೋಬಾರ್, ಮುಖ್ಯಭೂಮಿಯ ಕರಾವಳಿ ಎಂದು ಸಾವಿರಾರು ಕಿಲೋಮೀಟರ್ ದಡವನ್ನು ಕಾಲ್ನಡಿಗೆಯಲ್ಲಿ ನೋಡಿ, ಯಾವ ಆಮೆ ಎಲ್ಲಿ ಏರುತ್ತದೆ ಎಂದು ಬರೆದಿಟ್ಟರು. ಅದಕ್ಕೆ ಮುಂಚೆ ಭಾರತದ ಕಡಲಾಮೆಗಳ ನಕ್ಷೆ ಎಂಬುದೇ ಇರಲಿಲ್ಲ. ಹಸಿರು ಕಡಲಾಮೆ ಲಕ್ಷದ್ವೀಪದಲ್ಲಿ ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗುವುದಿಲ್ಲ. 1982ರಲ್ಲಿ ಭಾಸ್ಕರ್ ಸುಹೇಲಿ ವಲಿಯಕರ ಎಂಬ ಜನವಿಲ್ಲದ ದ್ವೀಪದಲ್ಲಿ ಮಳೆಗಾಲಕ್ಕೆ ಮುಂಚೆ ಇಳಿದು, ಮಳೆಗಾಲ ಮುಗಿಯುವವರೆಗೆ, ಹತ್ತಿರ ಹತ್ತಿರ ಐದು ತಿಂಗಳು ಒಬ್ಬರೇ ಉಳಿದರು. ಮದ್ರಾಸಿನಲ್ಲಿದ್ದ ಹೆಂಡತಿಗೆ ಪತ್ರ ಬರೆದು ಬಾಟಲಿಯಲ್ಲಿ ಹಾಕಿ ಸಮುದ್ರಕ್ಕೆ ಎಸೆದರು. ಅದು ಶ್ರೀಲಂಕಾದ ದಡಕ್ಕೆ ಹೋಯಿತು. ಅಲ್ಲಿಯ ಮೀನುಗಾರನೊಬ್ಬ ತನ್ನದೂ ಒಂದು ಪತ್ರ ಸೇರಿಸಿ ಅಂಚೆಗೆ ಹಾಕಿದ, ಅದು ಮನೆ ತಲುಪಿತು. ಕಟ್ಟುಕಥೆಯಂತೆ ಕೇಳುತ್ತದೆ, ನಿಜ. ನಮ್ಮ ಕೊರಿಯರ್‌ಗಳಿಗಿಂತ ವಾಸಿ.

ಇನ್ನೊಬ್ಬರು ಜೆ. ವಿಜಯಾ. 1978ರಲ್ಲಿ ಎತಿರಾಜ್ ಕಾಲೇಜಿನ ವಿದ್ಯಾರ್ಥಿನಿಯಾಗಿ ಸ್ನೇಕ್ ಪಾರ್ಕಿಗೆ ಬಂದರು. ಭಾರತದ ಮೊದಲ ಮಹಿಳಾ ಉರಗತಜ್ಞೆ ಎಂದು ಅವರನ್ನು ಈಗ ಕರೆಯುತ್ತಾರೆ, ಆಗ ಅವರು ಬೋನು ತೊಳೆಯುವ ಸ್ವಯಂಸೇವಕಿ. ಕೆಲವೇ ವರ್ಷಗಳಲ್ಲಿ ಒಬ್ಬರೇ ರೈಲು ಹತ್ತಿ ದೇಶ ಸುತ್ತುತ್ತ ಆಮೆ ಮಾರುಕಟ್ಟೆಗಳನ್ನು ದಾಖಲಿಸತೊಡಗಿದರು. ಪೂರ್ವ ಕರಾವಳಿಯಲ್ಲಿ ನಡೆಯುತ್ತಿದ್ದ ಆಲಿವ್ ರಿಡ್ಲಿಗಳ ಮಾರಣಹೋಮದ ಅವರ ಚಿತ್ರಗಳು 1982ರಲ್ಲಿ ಇಂಡಿಯಾ ಟುಡೇಯಲ್ಲಿ ಬಂದವು. ಪ್ರಧಾನಿ ಇಂದಿರಾ ಗಾಂಧಿಯವರ ಕಣ್ಣಿಗೆ ಬಿದ್ದು, ಕರಾವಳಿ ರಕ್ಷಣಾ ಪಡೆಗೆ ಆಮೆ ಕಾಯುವ ಆದೇಶವಾಯಿತು. ಅದೇ 1982ರಲ್ಲಿ ವಿಜಯಾ ಕೇರಳದ ಚಾಲಕುಡಿಯ ಕಾಡಿನಲ್ಲಿ, ಕಾಡರ್ ಬುಡಕಟ್ಟಿನವರ ನೆರವಿನಿಂದ, ಸುಮಾರು ಎಪ್ಪತ್ತು ವರ್ಷ ಯಾವ ವಿಜ್ಞಾನಿಯೂ ಕಂಡಿರದ ಬೆತ್ತದ ಕಾಡಿನ ಪುಟ್ಟ ಆಮೆಯನ್ನು ಮತ್ತೆ ಹುಡುಕಿದರು. ಆ ಆಮೆ ನಮ್ಮ ಕರ್ನಾಟಕದ ಘಟ್ಟದಲ್ಲೂ ಇದೆ. 1987ರಲ್ಲಿ, ಮೂವತ್ತು ತುಂಬುವ ಮುಂಚೆಯೇ, ವಿಜಯಾ ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಕೆಲಿಸ್ ಎಂದು ಹೆಸರಿಟ್ಟರು. ಒಬ್ಬ ಹುಡುಗಿಯ ಹೆಸರು ಒಂದು ಕುಲಕ್ಕೇ ಬಂದಿದೆ. ಅವಳು ಓದಿದ ಊರಿನಲ್ಲಿ ಒಂದು ಬೀದಿಗೆ ಆ ಹೆಸರನ್ನು ನಾನು ಕಂಡಿಲ್ಲ.

ಹ್ಯಾಚರಿಯ ಕೆಲಸ ಈ ನಡುವೆ ಕೈಯಿಂದ ಕೈಗೆ ದಾಟುತ್ತಿತ್ತು. 1976ರಲ್ಲಿ ವಿಟೇಕರ್ ಮತ್ತು ಗೆಳೆಯರು ಮಹಾಬಲಿಪುರಂ ದಾರಿಯ ವಡನೆಮ್ಮೇಲಿಯಲ್ಲಿ ಮೊಸಳೆ ಬ್ಯಾಂಕ್ ಆರಂಭಿಸಿ ಅತ್ತ ತಿರುಗಿದರು. 70ರ ದಶಕದ ಕೊನೆಯಲ್ಲಿ ಕೇಂದ್ರದ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕೋವಳಂನಲ್ಲಿ ಹ್ಯಾಚರಿ ನಡೆಸಿದರು. ಇದು ಕೇರಳದ ಕೋವಳಂ ಅಲ್ಲ, ಮದ್ರಾಸಿನದು. 80ರ ದಶಕದಲ್ಲಿ ತಮಿಳುನಾಡು ಅರಣ್ಯ ಇಲಾಖೆ ಕೆಲವು ವರ್ಷ ನಡೆಸಿತು, ಆಮೇಲೆ ನಿಲ್ಲಿಸಿತು. ಇಲಾಖೆಗಳಿಗೆ ಕಾರಣಗಳು ಇದ್ದೇ ಇರುತ್ತವೆ. ಆಮೆಗಳು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ.

1988ರಲ್ಲಿ ಕಾಲೇಜು ಹುಡುಗರ ಒಂದು ಗುಂಪು, ದೊಡ್ಡವರು ಯಾರೂ ಮಾಡುವುದಿಲ್ಲವಾದರೆ ನಾವೇ ಮಾಡೋಣ ಎಂದು ಹೊರಟಿತು. ಇಟ್ಟುಕೊಂಡ ಹೆಸರು ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್. ಹೆಸರು ಉದ್ದ, ಜೇಬು ಖಾಲಿ. ಬೆಸೆಂಟ್ ನಗರದ ಮರಳಿನಲ್ಲಿ ಬೇಲಿ ಹಾಕಿದರು. ಜನವರಿಯಿಂದ ಏಪ್ರಿಲ್‌ವರೆಗೆ ಪ್ರತಿ ರಾತ್ರಿ ನೀಲಾಂಕರೈನಿಂದ ಬೆಸೆಂಟ್ ನಗರಕ್ಕೆ, ಸುಮಾರು ಏಳು ಕಿಲೋಮೀಟರ್, ನಡೆದರು. ಆ ಹುಡುಗರು ಡಿಗ್ರಿ ಮುಗಿಸಿ ಹೋದಾಗ ಹೊಸಬರು ಬಂದರು. ಅವರೂ ಹೋದರು, ಇನ್ನೂ ಹೊಸಬರು ಬಂದರು. ಮೂವತ್ತೈದು ವರ್ಷ ದಾಟಿದರೂ ಈ ನಡಿಗೆ ನಿಂತಿಲ್ಲ. ನಮ್ಮಲ್ಲಿ ಮೂವತ್ತೈದು ವರ್ಷ ಬಾಳಿದ ವಿದ್ಯಾರ್ಥಿ ಸಂಘ ಎಷ್ಟಿದೆ ಹೇಳಿ. ಹೊರನಾಡಿನ ಕನ್ನಡ ಸಂಘಗಳಲ್ಲೇ ಎರಡನೇ ಅಧ್ಯಕ್ಷರ ಕಾಲಕ್ಕೆ ಬಿರುಕು ಬಂದಿರುತ್ತದೆ.

ಆ ಮೊದಲ ಗುಂಪಿನಲ್ಲಿದ್ದ ಕಾರ್ತಿಕ್ ಶಂಕರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗಿ ಅಲ್ಲಿಯೇ ಪ್ರಾಧ್ಯಾಪಕರಾದರು. ಭಾರತದ ಕಡಲಾಮೆ ಸಂರಕ್ಷಣೆಯ ಚರಿತ್ರೆಯನ್ನು 2015ರಲ್ಲಿ ಒಂದು ಪುಸ್ತಕವಾಗಿ ಬರೆದರು. ಅದು ಕನ್ನಡಕ್ಕೆ ಬಂದರೆ ನಮ್ಮ ಕರಾವಳಿಯವರು ಓದಿಯಾರು ಎಂಬುದು ನನ್ನ ಆಸೆ.

ಈಗ ನನ್ನ ರಾತ್ರಿಗೆ ಬರುತ್ತೇನೆ.

ಹನ್ನೊಂದಕ್ಕೆ ನೀಲಾಂಕರೈನಲ್ಲಿ ನಾವು ಮೂವತ್ತು ಜನ ಸೇರಿದ್ದೆವು. ವಾರದ ಕೊನೆಯಲ್ಲಿ ಸಾರ್ವಜನಿಕರನ್ನೂ ಕರೆದುಕೊಂಡು ಹೋಗುತ್ತಾರೆ, ಉಳಿದ ದಿನ ಅವರು ಅವರೇ. ಮುಂದಾಳು ಒಬ್ಬ ಇಪ್ಪತ್ತು ಇಪ್ಪತ್ತೊಂದರ ಹುಡುಗ, ಮುಕ್ಕಾಲು ಚಡ್ಡಿ, ಬರಿಗಾಲು. ಮೊದಲು ಒಂದು ಗಂಟೆ ಮಾತು. ಟಾರ್ಚ್ ಹಾಕಬಾರದು, ಮೊಬೈಲ್ ತೆಗೆಯಬಾರದು, ಆಮೆ ಕಂಡರೆ ಓಡಬಾರದು. ಆಮೇಲೆ ಅವನು ಹೇಳಿದ ಒಂದು ಮಾತಿಗೆ ಕೆಲವರ ಮುಖ ಸಪ್ಪೆಯಾಯಿತು: "ಆಮೆ ಸಿಗುತ್ತದೆಂದು ಬಂದಿದ್ದರೆ ಸಿಗದೆಯೂ ಇರಬಹುದು. ಮೀನು ಹಿಡಿಯುವ ಬಲೆಗೆ ಸಿಕ್ಕು ಸತ್ತದ್ದು ಖಂಡಿತ ಸಿಗುತ್ತದೆ."

ಸಿಕ್ಕಿತು. ಮೊದಲ ಎರಡು ಕಿಲೋಮೀಟರಿನಲ್ಲಿ ಮೂರು. ಉಬ್ಬಿ, ಕಣ್ಣು ಹೊರಬಂದು, ನಾಯಿ ಅರ್ಧ ತಿಂದಿದ್ದವು. ಹುಡುಗರು ಮೂಗು ಮುಚ್ಚಿಕೊಳ್ಳದೆ ಟೇಪು ತೆಗೆದು ಚಿಪ್ಪಿನ ಉದ್ದ ಅಗಲ ಅಳೆದು, ಗಂಡೋ ಹೆಣ್ಣೋ ನೋಡಿ, ಬರೆದುಕೊಂಡರು. ಬಾಲ ಉದ್ದವಿದ್ದರೆ ಗಂಡು. ಅಳೆದ ಮೇಲೆ ಮತ್ತೆ ಲೆಕ್ಕಕ್ಕೆ ಬರದಂತೆ ಗುರುತು ಹಾಕಿದರು. ಆಮೆಗೆ ಕಿವಿರಿಲ್ಲ, ಉಸಿರಾಡಲು ಮೇಲೆ ಬರಲೇಬೇಕು. ಟ್ರಾಲರಿನ ಬಲೆಯೊಳಗೆ ಗಂಟೆಗಟ್ಟಲೆ ಸಿಕ್ಕಿದ್ದರೆ ಮುಳುಗಿ ಸಾಯುತ್ತದೆ. ದಡಕ್ಕೆ ಹತ್ತಿರ ಟ್ರಾಲರ್ ಬರಬಾರದೆಂಬ ಕಾನೂನು ಇದೆ, ಆಮೆ ತಪ್ಪಿಸಿಕೊಳ್ಳಲು ಬಲೆಗೆ ಹೊಲಿಯುವ ಸಾಧನವೂ ಇದೆ. ಅದನ್ನು ಹೊಲಿದರೆ ಒಂದಷ್ಟು ಮೀನೂ ಹೊರಗೆ ಹೋಗುತ್ತದೆಂದು ದೋಣಿಯವರ ದೂರು. ಮೀನಿನ ಸಾಲದಲ್ಲಿ ಮುಳುಗಿದ ಮನೆಗಳನ್ನು ಊರಲ್ಲಿ ನೋಡಿ ಬೆಳೆದ ನನಗೆ ಆ ದೂರನ್ನು ಸುಳ್ಳೆಂದು ತಳ್ಳಿಹಾಕಲು ಆಗುವುದಿಲ್ಲ. 2025ರ ಜನವರಿಯಲ್ಲಿ ಚೆನ್ನೈ ದಡಕ್ಕೆ ನೂರಾರು ಆಲಿವ್ ರಿಡ್ಲಿಗಳು ಸತ್ತು ಬಂದು ಬಿದ್ದು ಹಸಿರು ನ್ಯಾಯಮಂಡಳಿವರೆಗೆ ವಿಷಯ ಹೋದಾಗ ಆ ರಾತ್ರಿಯ ಮೂರು ಆಮೆಗಳು ನೆನಪಾದವು.

ಎರಡು ಗಂಟೆಯ ಸುಮಾರಿಗೆ ಮುಂದೆ ಹೋಗುತ್ತಿದ್ದವರು ಕೈ ಎತ್ತಿ ನಿಂತರು. ಟ್ರ್ಯಾಕ್ಟರಿನ ಒಂದು ಚಕ್ರ ನೀರಿನಿಂದ ಹೊರಬಂದು ಮೇಲೇರಿದಂತೆ ಮರಳಿನಲ್ಲಿ ಗುರುತು. ಹೋದ ಗುರುತಿದೆ, ಮರಳಿದ ಗುರುತಿಲ್ಲ. ಅಂದರೆ ಅದು ಇನ್ನೂ ಮೇಲಿದೆ. ಎಲ್ಲರನ್ನೂ ಅಲ್ಲೇ ಕೂರಿಸಿದರು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಕಂಡಿತು: ಎರಡಡಿ ಉದ್ದದ ಒಂದು ದೊಡ್ಡ ಕಲ್ಲು ಉಸಿರು ಬಿಡುತ್ತಿತ್ತು. ಹಿಂದಿನ ಎರಡು ಕಾಲುಗಳನ್ನು ಸೌಟಿನಂತೆ ಮಡಚಿ ಒಂದಾದ ಮೇಲೊಂದು ಮರಳು ಎತ್ತಿ ಹಾಕುತ್ತಿತ್ತು, ಕಣ್ಣಿಗೆ ಕಾಣದ ಗುಳಿಯನ್ನು. ಮೊಟ್ಟೆಯಿಟ್ಟು ಮುಗಿದ ಮೇಲೆ ಮರಳು ಮುಚ್ಚಿ, ಇಡೀ ಮೈಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಎತ್ತಿ ಕುಕ್ಕಿ ಮರಳು ಗಟ್ಟಿಮಾಡಿತು. ಆ ಧಪ್ ಧಪ್ ಸದ್ದು ನನಗೆ ಗೊತ್ತಿತ್ತು. ಮೊದಲ ಸಲ ಕೇಳಿದ್ದಲ್ಲ.

ನಾನು ಏಳೆಂಟು ವರ್ಷದವನಿದ್ದಾಗ, ನಮ್ಮೂರ ದಡದಲ್ಲಿ, ಮಾವ ನನ್ನ ಕೈಗೆ ಕಂದೀಲು ಕೊಟ್ಟು ಕರೆದುಕೊಂಡು ಹೋಗಿದ್ದ. "ತಮಾ, ದೀಪ ಬಗ್ಗಿಸಿ ಹಿಡಿ, ಮಾತಾಡಬೇಡ" ಅಂದಿದ್ದ. ಆಮೆ ಮರಳು ಕುಕ್ಕುವವರೆಗೆ ಕಾದು, ಅದು ನೀರಿಗಿಳಿದ ಮೇಲೆ ಗುಳಿ ಬಗೆದು ಒಂದು ಬುಟ್ಟಿ ತುಂಬಾ ಮೊಟ್ಟೆ ತೆಗೆದೆವು. ಆಮೆ ಕೂರ್ಮಾವತಾರ, ಅದರ ಮಾಂಸ ಮುಟ್ಟಬಾರದು ಎನ್ನುವ ಮನೆ ನಮ್ಮದು. ಮೊಟ್ಟೆಯ ಬಗ್ಗೆ ಪುರಾಣ ಏನೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಎಷ್ಟು ಬೇಯಿಸಿದರೂ ಅದರ ಬಿಳಿ ಗಟ್ಟಿಯಾಗುವುದಿಲ್ಲ, ಲೋಳೆಯಾಗಿಯೇ ಉಳಿಯುತ್ತದೆ. ಅದನ್ನು ಹೀರಿ ತಿನ್ನಬೇಕು. ನಾನೂ ತಿಂದಿದ್ದೆ. ಉಳಿದದ್ದನ್ನು ಮಾವ ಮಾರಿದ.

ಮಗಳೆದುರು ಇದನ್ನು ನಾನು ಎಂದೂ ಹೇಳಿರಲಿಲ್ಲ. ಆ ರಾತ್ರಿ, ಹುಡುಗರು ಮೊಟ್ಟೆಗಳನ್ನು ಒಂದೊಂದಾಗಿ ಎಣಿಸುತ್ತ ಬಟ್ಟೆಚೀಲಕ್ಕೆ ಹಾಕುತ್ತಿದ್ದಾಗ, ಪಕ್ಕದಲ್ಲಿದ್ದ ಆ ಮುಂದಾಳು ಹುಡುಗನಿಗೆ ಮೆಲ್ಲಗೆ ಹೇಳಿಬಿಟ್ಟೆ. ಮಗಳು ಅವನ ಆಚೆ ಪಕ್ಕ ಕೂತಿದ್ದಳು. ಬೈಯುತ್ತಾನೆ, ಇಲ್ಲವೇ ದೊಡ್ಡವರೆಂದು ಸುಮ್ಮನಾಗುತ್ತಾನೆ ಅಂದುಕೊಂಡೆ. ಅವನು ಕೇಳಿದ್ದು, "ಸಾರ್, ಯಾವ ತಿಂಗಳು? ಯಾವ ಬೀಚು? ಎಷ್ಟು ಮೊಟ್ಟೆ ಇದ್ದವು, ನೆನಪಿದೆಯಾ?" ಅವನ ನೋಟ್‌ಬುಕ್ಕಿನಲ್ಲಿ ನನ್ನ ಬಾಲ್ಯಕ್ಕೆ ಒಂದು ಸಾಲು ಸಿಕ್ಕಿತು. ದಸರೆಯಾಗಿ ಬಹಳ ದಿನವಾಗಿತ್ತು, ಶಿವರಾತ್ರಿ ಬಂದಿರಲಿಲ್ಲ ಎಂದಷ್ಟೇ ಹೇಳಲು ನನಗೆ ಸಾಧ್ಯವಾದದ್ದು. ನಾನು ಕಣ್ಣು ತಪ್ಪಿಸುತ್ತಿದ್ದ ಒಂದು ವಿಷಯ ಅವನಿಗೆ ಮಾಹಿತಿಯಾಗಿತ್ತು, ಪಶ್ಚಿಮ ಕರಾವಳಿಯ ಹಳೆಯ ಗೂಡಿನ ಬಗ್ಗೆ ಒಬ್ಬ ಮುದುಕ ಕೊಟ್ಟ ಮಾಹಿತಿ. ಮಗಳು ಏನೂ ಅನ್ನಲಿಲ್ಲ. ಚೀಲ ಹೊರುವ ಸರದಿ ಬಂದಾಗ ನನ್ನ ಕೈಗೆ ಕೊಟ್ಟಳು.

ಚೀಲದ ಭಾರ ನಾಲ್ಕು ಕಿಲೋ ಹತ್ತಿರ ಇದ್ದಿರಬೇಕು. ಕುಲುಕಬಾರದು, ತಿರುಗಿಸಬಾರದು. ಇಟ್ಟ ಕೆಲವು ಗಂಟೆಗಳಲ್ಲಿ ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಅದು ಸಾಯುತ್ತದೆ. ಹಾಗಾಗಿ ಬೆಳಗಾಗುವ ಮುಂಚೆ ಹ್ಯಾಚರಿಗೆ ಮುಟ್ಟಿಸಬೇಕು. ತಿರುವಾನ್ಮಿಯೂರು ದಾಟಿ, ಎರಡು ಕುಪ್ಪಗಳ ದೋಣಿಗಳ ನಡುವೆ ನುಸುಳಿ, ಆಕಾಶ ಬೆಳ್ಳಗಾಗುವ ಹೊತ್ತಿಗೆ ಕಾರ್ಲ್ ಸ್ಮಿತ್ ಸ್ಮಾರಕ ಕಂಡಿತು. ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ 1930ರಲ್ಲಿ ಇಲ್ಲಿ ಪ್ರಾಣ ಬಿಟ್ಟ ಡೆನ್ಮಾರ್ಕಿನ ನಾವಿಕನದು ಅದು. ಹ್ಯಾಚರಿಯಲ್ಲಿ ಮೊಣಕೈ ಉದ್ದದ ಗುಳಿ, ಬಾಯಿ ಕಿರಿದು ತಳ ಅಗಲ, ಥೇಟ್ ಮಡಕೆಯಂತೆ, ಆಮೆ ತೋಡಿದ ಹಾಗೆಯೇ ತೋಡಬೇಕು. ಮಗಳ ಕೈ ಉದ್ದ ಸರಿಹೊಂದಿತು. ನೂರಹದಿನಾಲ್ಕು ಮೊಟ್ಟೆ. ಮೇಲೆ ಒಂದು ಕಡ್ಡಿ, ಕಡ್ಡಿಗೆ ತಾರೀಖು, ಸಂಖ್ಯೆ.

ಅಲ್ಲಿಂದ ನಲವತ್ತೈದು ದಿನ ಕಾಯಬೇಕು, ಕೆಲವೊಮ್ಮೆ ಐವತ್ತು ಮೀರುತ್ತದೆ. ಮಾರ್ಚ್ ಪರೀಕ್ಷೆಯ ತಿಂಗಳು. ಈ ಶಾಲೆಗೂ ಆ ಶಾಲೆಗೂ ಪ್ರತಿ ವರ್ಷ ಜಗಳ ಇದೇ. ಮೊಟ್ಟೆಗಳ ಗಡಿಬಿಡಿ ಫೆಬ್ರವರಿ ಮಾರ್ಚಿನಲ್ಲಿ, ಹುಡುಗರ ಕೈಯಲ್ಲಿ ಫಿಸಿಕ್ಸ್ ಪುಸ್ತಕವೂ ಆಗಲೇ. ಏಪ್ರಿಲಿನಲ್ಲಿ ರಜೆ ಬಿದ್ದ ಮೇಲೆ ಹ್ಯಾಚರಿ ನಿಜಕ್ಕೂ ಬೇಸಿಗೆ ಶಾಲೆಯಾಗುತ್ತದೆ. ಎಲ್ಲ ಕಡೆ ಮಕ್ಕಳಿಗೆ ಸಮ್ಮರ್ ಕ್ಯಾಂಪ್ ಎಂದು ಸಾವಿರಗಟ್ಟಲೆ ಫೀಸು ತೆಗೆದುಕೊಂಡು ಥರ್ಮೋಕೋಲ್ ಕತ್ತರಿಸಲು ಹೇಳಿಕೊಡುತ್ತಾರೆ. ನನ್ನ ಮಗಳು ಆ ಏಪ್ರಿಲ್ ಮೇ ತಿಂಗಳು ಸಂಜೆ ಸಂಜೆ ಮರಳಿನ ಶಾಖ ಅಳೆಯುತ್ತಿದ್ದಳು. ಕಡಲಾಮೆಯಲ್ಲಿ ಗಂಡು ಹೆಣ್ಣು ತೀರ್ಮಾನವಾಗುವುದು ಮರಳಿನ ಶಾಖದಿಂದ. ಸುಮಾರು 29, 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಎರಡೂ ಹುಟ್ಟುತ್ತವೆ, ಮೇಲೇರಿದರೆ ಹೆಣ್ಣುಗಳೇ ಹೆಚ್ಚು, ಇನ್ನೂ ಏರಿದರೆ ಒಳಗೇ ಬೆಂದುಹೋಗುತ್ತವೆ. ಚೆನ್ನೈ ಬೇಸಿಗೆಯ ವಿಷಯ ಹೇಳಬೇಕೇ. ಮೇಲೆ ನೆರಳು ಕಟ್ಟುತ್ತಾರೆ.

ನಲವತ್ತೈದನೇ ದಿನದಿಂದ ಪ್ರತಿ ಗೂಡಿನ ಮೇಲೆ ಒಂದು ಬುಟ್ಟಿ ಬೋರಲು. ಮರಿಗಳು ಒಟ್ಟಿಗೆ ಮರಳು ತಳ್ಳಿ ಮೇಲೆ ಬರುತ್ತವೆ. ಕತ್ತಲಲ್ಲಿ ಬೆಳಕು ಹೆಚ್ಚಿರುವ ಕಡೆ ಸಮುದ್ರವೆಂದು ಅವುಗಳ ನಂಬಿಕೆ. ಕೋಟಿ ವರ್ಷಗಳಿಂದ ಅದು ನಿಜವೂ ಆಗಿತ್ತು. ಈಗ ಬೆಳಕು ರಸ್ತೆಯ ಕಡೆಗಿದೆ. ಬೇಲಿಯಿಲ್ಲದ ಗೂಡಿನ ಮರಿಗಳು ಸೋಡಿಯಂ ದೀಪದತ್ತ ಹರಿದು ಬೆಳಗಿಗೆ ಒಣಗಿರುತ್ತವೆ. ಬೀಚಿನ ದೀಪಗಳನ್ನು ಆಮೆಯ ಕಾಲದಲ್ಲಿ ರಾತ್ರಿ ಆರಿಸಿ ಎಂದು ಹುಡುಗರು ನಗರಪಾಲಿಕೆಯ ಬಾಗಿಲು ಬಡಿದು ಬಡಿದು ಕೆಲವು ಕಡೆ ಆರಿಸಿಕೊಂಡದ್ದೂ ಇದೆ.

ಇಷ್ಟೆಲ್ಲ ಮಾಡಿ ಉಳಿಯುವುದು ಎಷ್ಟು ಎಂದು ಕೇಳಿದರೆ, ಸಾವಿರಕ್ಕೆ ಒಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಿದ್ದರೆ ಒಂದು ವಯಸ್ಕ ಹೆಣ್ಣನ್ನು ಬಲೆಯಿಂದ ಉಳಿಸುವುದು ನೂರಾರು ಮರಿ ಬಿಡುವುದಕ್ಕಿಂತ ದೊಡ್ಡದಲ್ಲವೇ? ಇದು ನನ್ನ ಪ್ರಶ್ನೆಯಲ್ಲ, ಈ ಶಾಲೆಯಲ್ಲಿ ಕಲಿತವರೇ ಎತ್ತಿದ್ದು. ಹ್ಯಾಚರಿಯಿಂದ ಆಮೆ ಉಳಿಯುವುದಕ್ಕಿಂತ ಹೆಚ್ಚಾಗಿ ಹುಡುಗರು ತಯಾರಾಗುತ್ತಾರೆ, ಮೊಟ್ಟೆಯನ್ನು ಇದ್ದಲ್ಲೇ ಬಿಡಬಹುದಾದ ಕಡೆ ಬಿಡುವುದೇ ಒಳ್ಳೆಯದು ಎಂದು ಅವರಲ್ಲೇ ಅನೇಕರು ವಾದಿಸುತ್ತಾರೆ. ನಾನು ಅವರ ಕಡೆಗೇ. ಆದರೆ ಬೆಸೆಂಟ್ ನಗರದಲ್ಲಿ ಇದ್ದಲ್ಲೇ ಬಿಟ್ಟರೆ ಬೆಳಗಿಗೆ ನಾಯಿ ಇರುತ್ತದೆ, ಮೊಟ್ಟೆ ಇರುವುದಿಲ್ಲ. ಎರಡೂ ಸತ್ಯವಾಗಿರುವಾಗ ಹುಡುಗರು ಚೀಲ ಹೊರುತ್ತಲೇ ಟ್ರಾಲರಿನ ಲೆಕ್ಕವನ್ನೂ ಬರೆಯುತ್ತಾರೆ.

ವಿಟೇಕರ್ ಕಥೆ ಮತ್ತೆ ನಮ್ಮ ಕಡೆಗೆ ಬಂದು ಮುಟ್ಟಿದ್ದನ್ನೂ ಹೇಳಬೇಕು. 70ರ ದಶಕದಲ್ಲಿ ಕಾಳಿಂಗ ಸರ್ಪವನ್ನು ಕಂಡ ಆಗುಂಬೆಯಲ್ಲಿ 2005ರಲ್ಲಿ ಅವರು ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದರು. ತಾಯಿ ಬಿಟ್ಟುಹೋದ ಹಣ ಅದಕ್ಕೆ ಹೋಯಿತು. ಈಗ ಅಲ್ಲಿಗೆ ದೇಶದ ನಾನಾ ಕಡೆಯ ಹುಡುಗ ಹುಡುಗಿಯರು ರಜೆಯಲ್ಲಿ ಬಂದು ಜಿಗಣೆ ಕಚ್ಚಿಸಿಕೊಂಡು ಕೆಲಸ ಕಲಿಯುತ್ತಾರೆ. ಕಾಳಿಂಗವನ್ನು ಮನೆಯ ಅಟ್ಟದಿಂದ ಇಳಿಸಿ ಕಾಡಿಗೆ ಬಿಡುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದ್ದರಲ್ಲಿ ಆ ಕೇಂದ್ರದ ಪಾಲಿದೆ. ಊರಿನವರು ಮೊದಲಿನಿಂದಲೂ ಕಾಳಿಂಗಕ್ಕೆ ಕೈಮುಗಿಯುತ್ತಿದ್ದವರೇ, ಅದು ಅರ್ಧ ಕೆಲಸ ಹಗುರ ಮಾಡಿತ್ತು.

ನಮ್ಮ ಗೂಡು ನಲವತ್ತೆಂಟನೇ ದಿನ ಒಡೆಯಿತು. ನಾನು ಆಫೀಸಿನಲ್ಲಿದ್ದೆ, ಸಂಜೆ ಹೋಗುವಷ್ಟರಲ್ಲಿ ಮರಿಗಳನ್ನು ನೀರಿನಿಂದ ಇಪ್ಪತ್ತಡಿ ದೂರದಲ್ಲಿ ಬಿಟ್ಟಾಗಿತ್ತು. ಎತ್ತಿ ನೀರಿಗೇ ಹಾಕುವಂತಿಲ್ಲ, ಆ ದೂರವನ್ನು ಅವು ತಾವೇ ಹರಿಯಬೇಕು. ನೋಡಲು ಸೇರಿದ್ದ ಜನ ಆಗಲೇ ಸುಂಡಲ್ ಅಂಗಡಿಯ ಕಡೆ ಚದುರಿದ್ದರು. ಮೂರು ದಿನ ಬಿಟ್ಟು ಗೂಡು ಬಗೆದು ಲೆಕ್ಕ ಮಾಡುವುದು ರೂಢಿ. ಆ ಸಂಜೆ ಮಗಳು ನನ್ನನ್ನೂ ಕರೆದಳು. ಕೊಳೆತ ವಾಸನೆ. ಅವಳು ತೋಳಿನವರೆಗೆ ಕೈ ಹಾಕಿ ಚಿಪ್ಪುಗಳನ್ನು ಹೊರಗೆ ತೆಗೆದು ಸಾಲಾಗಿ ಜೋಡಿಸಿದಳು. ಒಡೆದ ಚಿಪ್ಪು ತೊಂಬತ್ತಾರು. ಒಳಗೇ ಸತ್ತ ಮರಿ ಮೂರು. ಒಡೆಯದೆ ಉಳಿದದ್ದು ಹದಿನೈದು. ಅವುಗಳನ್ನು ಒಂದೊಂದಾಗಿ ಬಿಚ್ಚಿ ಯಾವ ಹಂತದಲ್ಲಿ ನಿಂತಿತು ಎಂದು ನೋಡಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಒಂದು ಕಡೆ ನನ್ನ ಕೈಬರಹ ಅರ್ಥವಾಗದೆ, "ಅಪ್ಪಾ, ಇದು ಏಳೋ ಒಂದೋ?" ಅಂದಳು. ಏಳು ಅಂದೆ. ತಿದ್ದಿ ಬರೆದು, ತಾರೀಖು ಹಾಕಿ, ಚಿಪ್ಪುಗಳನ್ನು ಗುಳಿಗೆ ಹಾಕಿ ಮುಚ್ಚಿದಳು. ಕಡ್ಡಿಯನ್ನು ಮುಂದಿನ ಗೂಡಿಗೆ ತೊಳೆದಿಟ್ಟಳು.